ಬರೀ ಎಂಟರ್ ಒತ್ತಿದರೆ ಏನಾಗಬೇಕು?

ಮನೆಗೆ ಊಟ ಕಳಿಸುವ ಮೆಸ್ಸಿಗೆ ಆರ್ಡರ್ ಬರೆದುಕೊಳ್ಳುವ ಸಣ್ಣ ಕನ್ಸೋಲ್ (ಬರೀ ಅಕ್ಷರದ ಪರದೆಯ) ಪ್ರೋಗ್ರಾಂ ಅಂದುಕೊಳ್ಳಿ. ಗಿರಾಕಿಗಳು ಹೆಚ್ಚುಕಮ್ಮಿ ಬಸವನಗುಡಿಯವರೇ. ಪ್ರತಿ ಸಲ 560004 ಟೈಪ್ ಮಾಡಿಸುವುದು ದಂಡ. ಪ್ರಾಂಪ್ಟ್, ಅಂದರೆ ಪ್ರೋಗ್ರಾಂ ಕೇಳುವ ಪ್ರಶ್ನೆ, ಹೀಗಿರಲಿ:

ಪಿನ್‌ಕೋಡ್ [560004]:
ರಿಯಾಯಿತಿ ಶೇಕಡಾ [5]:

ಚೌಕ ಕಂಸದಲ್ಲಿರುವುದೇ ಡಿಫಾಲ್ಟ್, ಅಂದರೆ ಏನೂ ಬರೆಯದೆ ಎಂಟರ್ ಒತ್ತಿದರೆ ಹಿಡಿಯುವ ಉತ್ತರ. ಅದನ್ನು ತೋರಿಸದೆ ಒಳಗೊಳಗೇ ಹಾಕಿಬಿಡುವುದು, ಇಡ್ಲಿ ಕೇಳಿದವರಿಗೆ ಹೇಳದೆ ವಡೆ ಬಡಿಸಿದ ಹಾಗೆ.

ಪೈಥಾನ್‌ನ ಇನ್‌ಪುಟ್ ಯಾವಾಗಲೂ ಸ್ಟ್ರಿಂಗ್ (ಅಕ್ಷರಗಳ ಸರ) ಕೊಡುತ್ತದೆ. ಬರೀ ಎಂಟರ್ ಅಂದರೆ ಖಾಲಿ ಸ್ಟ್ರಿಂಗ್. ಅದನ್ನು ನೇರ ಇಂಟ್‌ಗೆ (ಸ್ಟ್ರಿಂಗನ್ನು ಪೂರ್ಣಾಂಕ ಮಾಡುವ ಫಂಕ್ಷನ್) ಕೊಟ್ಟರೆ ವ್ಯಾಲ್ಯೂಎರರ್ ಎಂಬ ದೋಷ. ಮೊದಲು ಸ್ಟ್ರಿಪ್ ಮಾಡಿ, ಅಂದರೆ ಆಚೀಚೆಯ ಸ್ಪೇಸ್ ತೆಗೆಯಿರಿ (ಒಂದೇ ಸ್ಪೇಸ್ ಇದ್ದರೂ ಅದು ಖಾಲಿಯಲ್ಲ), ಖಾಲಿಯಿದ್ದರೆ ಡಿಫಾಲ್ಟ್ ಹಾಕಿ, ಸಂಖ್ಯೆ ಮಾಡುವುದು ಕೊನೆಗೆ. ಈ ಕ್ರಮ ತಿರುಗಿಸಿ, ಸಂಖ್ಯೆ ಮಾಡಿದ ಮೇಲೆ ‘ಆರ್ 5’ (ಎಡಗಡೆಯದು ಸುಳ್ಳಾದರೆ 5 ತಗೋ) ಅಂತ ಬರೆದಿರೋ, ರಿಯಾಯಿತಿ ಬೇಡ ಅಂತ 0 ಒತ್ತಿದ ಕಡೆಯೂ 5 ಕೂರುತ್ತದೆ. ಪೈಥಾನ್ ಲೆಕ್ಕದಲ್ಲಿ ಸಂಖ್ಯೆ 0 ಸುಳ್ಳು, ಸ್ಟ್ರಿಂಗ್ ಆಗಿರುವ ‘0’ ನಿಜ. ಎರರ್ ಏನೂ ಬರುವುದಿಲ್ಲ. ಸಂಜೆ ಲೆಕ್ಕ ಮಾತ್ರ ತಾಳೆಯಾಗುವುದಿಲ್ಲ.

‘ಐದು’ ಅಂತ ಅಕ್ಷರದಲ್ಲಿ ಬಂದರೆ ಡಿಫಾಲ್ಟ್ ಹಾಕಬೇಡಿ, ಮತ್ತೆ ಕೇಳಿ. ಡಿಫಾಲ್ಟ್ ಇರುವುದು ಖಾಲಿಗೆ, ತಪ್ಪಿಗಲ್ಲ. ಅಂದಹಾಗೆ ‘೫’ ಅಂತ ಒತ್ತಿದರೆ ತೊಂದರೆಯಿಲ್ಲ, ಪೈಥಾನ್ 3ರ ಇಂಟ್ ಕನ್ನಡ ಅಂಕಿಯನ್ನೂ ಓದುತ್ತದೆ.

ಸಿ ಭಾಷೆಯಲ್ಲಿ ತೊಡಕು ಬೇರೆ. ಇನ್‌ಪುಟ್ ಓದುವ ಸ್ಕ್ಯಾನ್‌ಎಫ್ ಸಂಖ್ಯೆ ಓದುವಾಗ ಸ್ಪೇಸ್, ಹೊಸ ಸಾಲು ಎಲ್ಲವನ್ನೂ ದಾಟಿಕೊಂಡು ಹೋಗುತ್ತದೆ. ಎಷ್ಟು ಸಲ ಎಂಟರ್ ಒತ್ತಿದರೂ ಕರ್ಸರ್ ಕಾಯುತ್ತಲೇ ಇರುತ್ತದೆ, ಡಿಫಾಲ್ಟ್ ಹಾಕಲು ಅವಕಾಶವೇ ಸಿಗುವುದಿಲ್ಲ. ಸಿ++ನ ಸಿನ್, ಜಾವಾದ ನೆಕ್ಸ್ಟ್‌ಇಂಟ್ ಕೂಡ ಹೀಗೇ. ಎಫ್‌ಗೆಟ್ಸ್‌ನಿಂದ ಇಡೀ ಸಾಲು ಓದಿ, ಕೊನೆಯ ಹೊಸ ಸಾಲಿನ ಗುರುತು ತೆಗೆದು, ಆಮೇಲೆ ನೋಡಿ.

ಬ್ಯಾಷ್‌ನಲ್ಲಿ (ಕಮಾಂಡ್ ಟೈಪ್ ಮಾಡಿ ನಡೆಸುವ ಶೆಲ್) ರೀಡ್ ಕಮಾಂಡಿಗೆ ಇ, ಐ ಆಯ್ಕೆಗಳನ್ನು ಒಟ್ಟಿಗೆ ಕೊಟ್ಟರೆ ಡಿಫಾಲ್ಟ್ ಮೊದಲೇ ಟೈಪ್ ಆಗಿ ನಿಂತಿರುತ್ತದೆ, ತಿದ್ದಬಹುದು. ಐ ಆಯ್ಕೆ ಬಂದದ್ದು ಬ್ಯಾಷ್ 4ರಲ್ಲಿ. ಮ್ಯಾಕ್ ಜೊತೆ ಬರುವ 3.2ರಲ್ಲಿ ನಡೆಯುವುದಿಲ್ಲ.

ಇನ್‌ಪುಟ್ ಕೀಲಿಮಣೆಯ ಬದಲು ಪೈಪಿನಿಂದ (ಇನ್ನೊಂದು ಪ್ರೋಗ್ರಾಮಿನ ಔಟ್‌ಪುಟ್) ಬಂದು ಮುಗಿದುಹೋದರೆ ಪೈಥಾನ್ ಇಒಎಫ್‌ಎರರ್ ಎಸೆಯುತ್ತದೆ, ಎಫ್‌ಗೆಟ್ಸ್ ನಲ್ (ಏನೂ ಸಿಗಲಿಲ್ಲ ಎಂಬ ಗುರುತು) ಕೊಡುತ್ತದೆ. ಅದನ್ನು ಎಂಟರ್ ಅಂತ ತಿಳಿಯಬೇಡಿ, ಪ್ರೋಗ್ರಾಂ ನಿಲ್ಲಿಸಿ.

ಹೌದು-ಇಲ್ಲ ಪ್ರಶ್ನೆಗೆ ಇಂಗ್ಲಿಷಿನವರು ಡಿಫಾಲ್ಟ್ ಉತ್ತರವನ್ನು ದೊಡ್ಡಕ್ಷರದಲ್ಲಿ ತೋರಿಸುತ್ತಾರೆ. ಕನ್ನಡದಲ್ಲಿ ದೊಡ್ಡಕ್ಷರವೆಲ್ಲಿದೆ? ಬಿಡಿಸಿಯೇ ಬರೆಯಬೇಕು:

ಆರ್ಡರ್ ಅಳಿಸಲೇ? ಹೌದು/ಇಲ್ಲ (ಎಂಟರ್ = ಇಲ್ಲ):