ಒದ್ದೆಯಾದ ಕುಲಾವಿ

ಅಲ್ಕಾಪ ಎಂಬ ಜನ್ಮಜಾತ ಹೃದಯದೋಷವನ್ನು ನಾನು ಓದಿದ್ದು ಪರೀಕ್ಷೆಗಾಗಿ. ತುಮಕೂರಿನಲ್ಲಿ ಮಕ್ಕಳ ವೈದ್ಯನಾದ ಮೇಲೆ ಕಣ್ಣಾರೆ ಕಂಡದ್ದು ಒಮ್ಮೆ ಮಾತ್ರ. ಸುಮಾರು 3 ಲಕ್ಷ ಶಿಶುಗಳಲ್ಲಿ ಒಂದಕ್ಕೆ ಬರುವ ದೋಷವಿದು.

ಮಧುಗಿರಿ ಕಡೆಯ ಎರಡೂವರೆ ತಿಂಗಳ ಹೆಣ್ಣುಕೂಸು. ಮೊದಲ ಸಲ ಕಫವೆಂದೂ ಎರಡನೆಯ ಸಲ ಹೊಟ್ಟೆನೋವೆಂದೂ ಔಷಧ ಬರೆದು ಕಳುಹಿಸಿದ್ದವನು ನಾನೇ. ಮೂರನೆಯ ಸಲ ಅದರ ಅಜ್ಜಿ ಕುಲಾವಿ ಬಿಚ್ಚಿ ನನ್ನ ಮೇಜಿನ ಮೇಲಿಟ್ಟರು. ಪುಷ್ಯ ಮಾಸದ ಚಳಿಯಲ್ಲೂ ಅದು ತೊಯ್ದು ಹೋಗಿತ್ತು. "ನಾಕು ಗುಟುಕು ಕುಡಿದ್ರೆ ಸಾಕು ಸಾ, ಬೆವ್ತು ಕಿರುಚ್ಕಂತೈತೆ. ದೃಷ್ಟಿ ತೆಗೆದಿದ್ದೂ ಆಯ್ತು" ಎಂದರು.

ಆ ವಯಸ್ಸಿನ ಕೂಸಿಗೆ ಹಾಲು ಕುಡಿಯುವುದೇ ದೊಡ್ಡ ದುಡಿಮೆ. ಹೃದ್ರೋಗವಿರುವ ಹಿರಿಯರಿಗೆ ಮೆಟ್ಟಿಲು ಹತ್ತುವಾಗ ಬರುವ ಎದೆನೋವು ಇದಕ್ಕೆ ಮೊಲೆಯುಣ್ಣುವಾಗ ಬರುತ್ತಿತ್ತು. ಹೃದಯದ ಸ್ನಾಯುವಿಗೆ ರಕ್ತವೊಯ್ಯುವ ಎಡ ಕರೋನರಿ ನಾಳವು ಮಹಾಪಧಮನಿಯಿಂದ ಹೊರಡುವ ಬದಲು ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಿಂದ ಹೊರಟಿರುವುದೇ ಈ ದೋಷ. ಹುಟ್ಟಿದ ಹೊಸತರಲ್ಲಿ ಆ ಅಪಧಮನಿಯೊಳಗಿನ ಒತ್ತಡ ಹೆಚ್ಚಿರುವುದರಿಂದ ಹೇಗೋ ಸಾಗುತ್ತದೆ. ಕೆಲವು ವಾರಗಳಲ್ಲಿ ಒತ್ತಡ ಇಳಿದ ಮೇಲೆ, ಬಲ ಕರೋನರಿಯಿಂದ ಕವಲುಗಳ ಮೂಲಕ ಬಂದ ರಕ್ತವೂ, ಗದ್ದೆಗೆ ಹಾಯಬೇಕಾದ ಕಾಲುವೆಯ ನೀರು ಒಡೆದ ಬದುವಿನಿಂದ ಹಳ್ಳಕ್ಕಿಳಿದಂತೆ, ಸ್ನಾಯುವಿಗೆ ದಕ್ಕದೆ ಹಿಮ್ಮುಖವಾಗಿ ಸೋರಿಹೋಗುತ್ತದೆ. ಕೂಸು ನೀಲಿಗಟ್ಟುವುದಿಲ್ಲ, ಆಕ್ಸಿಮೀಟರ್ ಸರಿಯಾದ ಅಂಕಿಯನ್ನೇ ತೋರಿಸುತ್ತದೆ. ನಾನು ಮೋಸಹೋದದ್ದು ಅಲ್ಲಿಯೇ.

ಅಂದು ತೆಗೆಸಿದ ಇಸಿಜಿಯ ಒಂದನೆಯ ಮತ್ತು ಎವಿಎಲ್ ಲೀಡ್‌ಗಳಲ್ಲಿ, ಅಂದರೆ ಹೃದಯದ ಎಡಬದಿಯನ್ನು ನೋಡುವ ಗೆರೆಗಳಲ್ಲಿ, ಆಳವಾದ ಕ್ಯೂ ಅಲೆಗಳೆಂಬ ಕೆಳಮುಖ ತಗ್ಗುಗಳಿದ್ದವು. ವಯಸ್ಸು ಮುಚ್ಚಿಟ್ಟು ತೋರಿಸಿದ್ದರೆ ಹೃದಯಾಘಾತವಾದ ಮುದುಕರದ್ದು ಎನ್ನಬಹುದಿತ್ತು. ಈ ದೋಷವಿದ್ದ ಶಿಶುವೊಂದರ ಇಸಿಜಿಯನ್ನು ಬ್ಲಾಂಡ್, ವೈಟ್, ಗಾರ್ಲೆಂಡ್ ಎಂಬ ವೈದ್ಯರು 1933ರಲ್ಲೇ ವಿವರಿಸಿದ್ದಾರೆ. ಬೆಂಗಳೂರಿನಲ್ಲಿ ಮಾಡಿದ ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್‌ನಲ್ಲಿ, ಎಡ ಹೃತ್ಕುಕ್ಷಿ (ಹೃದಯದ ಎಡ ಕೆಳಕೋಣೆ) ಹಿಗ್ಗಿ ಸೋತಿತ್ತು, ಅದರ ಬಾಗಿಲಾದ ಮೈಟ್ರಲ್ ಕವಾಟ ಸೋರುತ್ತಿತ್ತು. ಇಷ್ಟನ್ನೇ ನೋಡಿ ಹೃದಯದ ಸ್ನಾಯುವಿನದೇ ಕಾಯಿಲೆಯೆಂದು ಮಾತ್ರೆ ಕೊಟ್ಟು ಕಳುಹಿಸುವುದುಂಟು. ಅಲ್ಲಿನ ವೈದ್ಯೆ ಹಾಗೆ ಮಾಡದೆ ಕರೋನರಿಯ ಬುಡವನ್ನು ಹುಡುಕಿದರು, ರಕ್ತ ಹರಿಯುವ ದಿಕ್ಕನ್ನು ಬಣ್ಣದಲ್ಲಿ ತೋರಿಸುವ ಡಾಪ್ಲರ್‌ನಲ್ಲಿ ಹಿಮ್ಮುಖ ಹರಿವನ್ನು ಕಂಡರು.

ಶಸ್ತ್ರಚಿಕಿತ್ಸೆಯಲ್ಲಿ ಕರೋನರಿಯ ಬಾಯಿಯನ್ನು ಸುತ್ತಲಿನ ಗೋಡೆಯ ಸಮೇತ ಅಂಗಿಯ ಗುಂಡಿಯ ಆಕಾರದಲ್ಲಿ ಕತ್ತರಿಸಿ, ಎಳೆತವಾಗದಂತೆ, ತಿರುಚದಂತೆ ಮಹಾಪಧಮನಿಗೆ ಹೊಲಿಯುತ್ತಾರೆ. ಸೋತ ಹೃದಯ ಹೃದಯ-ಶ್ವಾಸಕೋಶ ಯಂತ್ರದಿಂದ ಬಿಡಿಸಿಕೊಂಡ ಮೇಲಿನ ದಿನಗಳೇ ಕಠಿಣ. ಈ ಕೂಸಿನ ಎದೆಯನ್ನು ಎರಡು ದಿನ ಮುಚ್ಚದೆ ಬಿಟ್ಟಿದ್ದರು. ಹೃತ್ಕುಕ್ಷಿ ಚೇತರಿಸಿಕೊಳ್ಳಲು ತಿಂಗಳುಗಳೇ ಹಿಡಿದವು. ಕವಾಟದ ಸೋರಿಕೆ ಈಗಲೂ ತುಸು ಉಳಿದಿರುವುದರಿಂದ ಆರು ತಿಂಗಳಿಗೊಮ್ಮೆ ಎಕೋ ಮಾಡಿಸಿಕೊಂಡು, ಊರಿಗೆ ಹಿಂದಿರುಗುವಾಗ ವರದಿಯನ್ನು ನನಗೂ ತೋರಿಸಿ ಹೋಗುತ್ತಾರೆ.