ನುಡಿ ಟು ಯೂನಿಕೋಡ್ ಪ್ಯಾಕೇಜು: ಡೆಬಿಯನ್ ಕೆಲಸ ಎಲ್ಲಿಗೆ ಬಂತು

2025ರ ಆಗಸ್ಟ್ 9ಕ್ಕೆ ಡೆಬಿಯನ್ ಅನ್ನೋ ಲಿನಕ್ಸ್ ಆಪರೇಟಿಂಗ್ ಸಿಸ್ಟಂನ 13ನೇ ಆವೃತ್ತಿ ಟ್ರಿಕ್ಸಿ ಬಿಡುಗಡೆ ಆಯ್ತು, ಹೊಸ ಪ್ಯಾಕೇಜ್‌ಗಳು ಮೊದ್ಲು ಬಂದು ಸೇರೋ ಸಿಡ್ ಮತ್ತೆ ಓಪನ್ ಆಯ್ತು, ಸೋ ಬೇಸಿಗೆಯಿಂದ ಮಡಚಿಟ್ಟಿದ್ದ ಈ ನುಡಿ ಕನ್ವರ್ಟರ್ ಕೆಲಸ ಈಚೆಗೆ ತೆಗೆದೆ. ಏಪ್ರಿಲ್ 15ಕ್ಕೆ ಸಾಫ್ಟ್ ಫ್ರೀಜ್, ಅಂದ್ರೆ ಬಿಡುಗಡೆಗೆ ಮುಂಚಿನ ಬಿಗಿ, ಶುರುವಾದ್ಮೇಲೆ ಹೊಸ ಪ್ಯಾಕೇಜ್ ಯಾವ್ದೂ ಮುಂದಿನ ಆವೃತ್ತಿ ತಯಾರಾಗೋ ಟೆಸ್ಟಿಂಗ್ ಒಳಗೆ ಹೋಗಂಗಿಲ್ಲ, ಎಲ್ರೂ ಬಗ್ ಮುಚ್ಚೋದ್ರಲ್ಲಿ ಬಿಜಿ ಇರೋವಾಗ ನಂದೊಂದು ಹೊಸದು ತಂದು ಯಾರ ತಲೆ ತಿನ್ನೋದು ಅಂತ ಸುಮ್ನಿದ್ದೆ.

ಟೂಲ್ ಏನಪ್ಪಾ ಅಂದ್ರೆ ನುಡಿ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡಿರೋ ಕನ್ನಡನ, ಎಲ್ಲಾ ಮಷಿನಿಗೂ ಅರ್ಥ ಆಗೋ ಯೂನಿಕೋಡ್ ಕೋಡಿಗೆ ತಿರುಗಿಸೋ ಒಂದು ಚಿಕ್ಕ ಪೈಥಾನ್ ಪ್ರೋಗ್ರಾಂ. ಬರೆದೋರು ಬೇರೆಯವ್ರು, ನಾನು ಡೆಬಿಯನ್‌ಗೆ ಪ್ಯಾಕೇಜ್ ಮಾಡ್ತಿರೋನು ಅಷ್ಟೇ. ಯಾಕೆ ಬೇಕು ಇದು ಅಂದ್ರೆ, ಮೈಸೂರಲ್ಲಿ ಅಗ್ರಹಾರದ ಹತ್ರ ಒಂದು ಡಿಟಿಪಿ ಅಂಗಡಿ ಇದೆ, ಓನರ್ ಅಣ್ಣ ಮಂಡ್ಯ ಕಡೆಯವ್ರು, ಅವ್ರ ಹಾರ್ಡ್ ಡಿಸ್ಕಲ್ಲಿ ಎಷ್ಟೋ ವರ್ಷದ ಮದುವೆ ಕಾರ್ಡು, ಸ್ಮರಣ ಸಂಚಿಕೆ, ಮಾನಸಗಂಗೋತ್ರಿಯ ಪಿಎಚ್‌ಡಿ ಸ್ಟೂಡೆಂಟ್‌ಗಳ ಪ್ರಬಂಧ ಎಲ್ಲಾ ನುಡಿಲೇ ಬಿದ್ದಿದೆ. ಆ ಫಾಂಟ್ ಇಲ್ದಿರೋ ಮಷಿನಲ್ಲಿ ತೆಗೆದ್ರೆ ತಲೆ ಮೇಲೆ ಸೊಟ್ಟ ಗೀಟು, ಚುಕ್ಕಿ ಇರೋ ಇಂಗ್ಲಿಷ್ ಅಕ್ಷರಗಳ ಗಜಿಬಿಜಿ ಕಾಣತ್ತೆ. ಸರ್ಚ್ ಆಗಲ್ಲ, ಮೊಬೈಲಿಗೆ ಹಾಕಕ್ಕಾಗಲ್ಲ. ಅಣ್ಣನ ಎರಡನೇ ಮಷಿನಿಗೆ ನಾನೇ ಡೆಬಿಯನ್ ಸ್ಟೇಬಲ್, ಅಂದ್ರೆ ಬಿಡುಗಡೆ ಆಗಿರೋ ಆವೃತ್ತಿ, ಹಾಕ್ಕೊಟ್ಟಿದೀನಿ. ಪೈಥಾನಿನ ಇನ್‌ಸ್ಟಾಲರ್ ಪಿಪ್‌ನಲ್ಲಿ ಇನ್‌ಸ್ಟಾಲ್ ಮಾಡ್ಕೊಳಿ ಅಂತ ಹೇಳ್ಬೋದಿತ್ತು, ಆದ್ರೆ ಡೆಬಿಯನ್ 12ರಿಂದ ಪಿಪ್ ನೇರವಾಗಿ ಸಿಸ್ಟಂ ಒಳಗೆ ಹಾಕೋಕೆ ಬಿಡಲ್ಲ, ವರ್ಚುವಲ್ ಎನ್ವಿರಾನ್‌ಮೆಂಟ್ ಅಂತ ಬೇರೆ ಜಾಗ ಮಾಡಿ ಅನ್ನತ್ತೆ, ಅದನ್ನೆಲ್ಲ ಅಣ್ಣಂಗೆ ಎಲ್ಲಿ ಹೇಳ್ಕೊಂಡ್ ಕೂರೋದು. ಡೆಬಿಯನ್‌ದೇ ಆಪ್ಟ್ ಇನ್‌ಸ್ಟಾಲ್ ಕಮಾಂಡ್ ಕೊಟ್ರೆ ಬರ್ಬೇಕು, ಅಷ್ಟೇ.

ಆಗಸ್ಟ್, ಸೆಪ್ಟೆಂಬರ್

ಮಾಮೂಲಿ ಕೆಲಸ ಬೇಗ ಮುಗೀತು. ಐಟಿಪಿ ಬಗ್ ಹಾಕಿದೆ, ಅಂದ್ರೆ ಈ ಪ್ಯಾಕೇಜ್ ನಾನ್ ಮಾಡ್ತಿದೀನಿ ಬೇರೆ ಯಾರೂ ಶುರು ಮಾಡ್ಬೇಡಿ ಅಂತ ಟವೆಲ್ ಹಾಕೋದು. ಪ್ಯಾಕೇಜ್ ಕಟ್ಟೋಕೆ ಇರೋ ಟೂಲುಗಳು ಡೆಬ್‌ಹೆಲ್ಪರ್ 13, ಪೈಬಿಲ್ಡ್, ಜೊತೆಗೆ ರೂಲ್ಸ್ ಫೈಲಲ್ಲಿ ನಾಲ್ಕೈದು ಸಾಲು. ಈಗಿನ ಕಾಲದಲ್ಲಿ ಒಂದು ಸರಳ ಪೈಥಾನ್ ಪ್ಯಾಕೇಜಿಗೆ ಇಷ್ಟು ಸಾಕು, ಇದರ ಬಗ್ಗೆ ಜನ ಯಾಕೆ ಹೆದರ್ಕೋತಾರೋ ಗೊತ್ತಿಲ್ಲ. ಎಸ್‌ಬಿಲ್ಡ್ ಅನ್ನೋ ಟೂಲಲ್ಲಿ ಕ್ಲೀನ್ ಸಿಡ್ ಒಳಗೆ ಬಿಲ್ಡ್ ಮಾಡಿದ್ರೆ, ಅಂದ್ರೆ ಸೋರ್ಸಿಂದ ಪ್ಯಾಕೇಜ್ ಕಟ್ಟಿದ್ರೆ, ಮಧ್ಯದಲ್ಲಿ ಒಂದು ಟೆಸ್ಟು ನೆಟ್‌ನಿಂದ ಸ್ಯಾಂಪಲ್ ಇಳಿಸ್ಕೊಳೋಕೆ ಹೋಗಿ ಬಿತ್ತು. ಡೆಬಿಯನ್ ಬಿಲ್ಡಲ್ಲಿ ನೆಟ್ ಮುಟ್ಟಂಗಿಲ್ಲ, ಪಾಲಿಸಿ ಅದು, ಆ ಟೆಸ್ಟ್ ಸ್ಕಿಪ್ ಮಾಡ್ಸಿದೆ.

ಆಮೇಲೆ ರಿಪ್ರೊಡ್ಯೂಸಿಬಲ್ ಬಿಲ್ಡ್. ಒಂದೇ ಸೋರ್ಸನ್ನ ಎರಡು ಸಲ ಬಿಲ್ಡ್ ಮಾಡಿದ್ರೆ ಇನ್‌ಸ್ಟಾಲ್ ಮಾಡೋ ಡೆಬ್ ಫೈಲ್ ಬೈಟಿಗೆ ಬೈಟು ಒಂದೇ ಬರ್ಬೇಕು. ಇಲ್ಲಿ ಬರ್ತಿರ್ಲಿಲ್ಲ. ಎರಡು ಫೈಲಿನ ವ್ಯತ್ಯಾಸ ತೋರ್ಸೋ ಡಿಫ್ಫೊಸ್ಕೋಪ್ ಹಾಕಿ ನೋಡಿದ್ರೆ, ನುಡಿ ಕೋಡಿಗೆ ಯಾವ ಯೂನಿಕೋಡ್ ಅಂತ ಹೇಳೋ ಮ್ಯಾಪಿಂಗ್ ಟೇಬಲ್ ಒಳಗಿನ ಸಾಲುಗಳು ಅದಲು ಬದಲು. ಬಿಲ್ಡ್ ಟೈಮಲ್ಲಿ ಫೋಲ್ಡರಿನ ಫೈಲ್‌ಗಳನ್ನ ಓದಿ ಟೇಬಲ್ ತಯಾರಿಸೋ ಸ್ಕ್ರಿಪ್ಟು ಲಿಸ್ಟನ್ನ ಸಾರ್ಟ್ ಮಾಡ್ತಿರ್ಲಿಲ್ಲ, ಫೈಲ್‌ಸಿಸ್ಟಂ ಯಾವ ಆರ್ಡರಲ್ಲಿ ಕೊಡತ್ತೋ ಅದೇ ಆರ್ಡರು. ಒಂದು ಕಡೆ ಸಾರ್ಟೆಡ್ ಅಂತ ಸೇರಿಸಿದ್ರೆ ಮುಗೀತು. ಇಂಥ ಪ್ಯಾಚ್ (ತಿದ್ದುಪಡಿ) ಅಪ್‌ಸ್ಟ್ರೀಮಿಗೆ, ಅಂದ್ರೆ ಟೂಲ್ ಬರೆದೋರಿಗೆ, ಕಳ್ಸೋಕೆ ಖುಷಿ ಆಗತ್ತೆ, ಯಾರೂ ಬೇಡ ಅನ್ನಲ್ಲ.

ದಸರಾ ಟೈಮು

ಊರೆಲ್ಲ ಲೈಟು, ರಸ್ತೆ ತುಂಬ ಗಾಡಿ, ಹೊರಗೆ ಹೋಗೋ ಹಾಗಿಲ್ಲ, ಸೋ ಮನೇಲೇ ಕೂತು ಕನ್ವರ್ಟರ್ ಔಟ್‌ಪುಟ್ ಸರಿಯಾಗಿ ನೋಡಿದೆ. ಇಲ್ಲೇ ಅಸಲಿ ಮಜಾ ಇರೋದು, ಸ್ವಲ್ಪ ಉದ್ದ ಬರೀತೀನಿ.

ನುಡಿ ಹಳೇ ಫಾಂಟಲ್ಲಿ ಅಕ್ಷರ ಕಣ್ಣಿಗೆ ಕಾಣೋ ಕ್ರಮದಲ್ಲಿ ಕೂತಿರತ್ತೆ, ಯೂನಿಕೋಡಲ್ಲಿ ನಾವು ಬಾಯಲ್ಲಿ ಹೇಳೋ ಕ್ರಮದಲ್ಲಿ. ಮದ್ದೂರು ತಗೊಳಿ. ನುಡಿಲಿ ಮೊದ್ಲು ಕೊಂಬಿನ ಸಮೇತ ದೂ, ಆಮೇಲೆ ಕೆಳಗಿನ ದ ಒತ್ತು. ಯೂನಿಕೋಡಲ್ಲಿ ದ, ಹಲಂತ (ಸ್ವರ ತೆಗೆಯೋ ಗುರುತು), ಇನ್ನೊಂದು ದ, ಕೊನೇಲಿ ಕೊಂಬು. ಕರ್ನಾಟಕದ ಅರ್ಕಾವೊತ್ತು ಇನ್ನೂ ಉಲ್ಟಾ, ನುಡಿಲಿ ಅದು ನಾ ಆದ್ಮೇಲೆ ಬರತ್ತೆ, ಯೂನಿಕೋಡಲ್ಲಿ ರ ಮತ್ತು ಹಲಂತ ನಾ ಗಿಂತ ಮುಂಚೆ ಹೋಗ್ಬೇಕು. ಅಂದ್ರೆ ಬರೀ ಕೋಡ್‌ಗೆ ಕೋಡ್ ಬದಲಾಯಿಸಿದ್ರೆ ಸಾಲಲ್ಲ, ಒಂದೊಂದು ಅಕ್ಷರದ ಗುಂಪನ್ನ ಹಿಡಿದು ಒಳಗೆ ಆರ್ಡರ್ ತಿದ್ದಬೇಕು. ಇದನ್ನ ಅಪ್‌ಸ್ಟ್ರೀಮ್ ನೀಟಾಗಿ ಮಾಡಿದಾರೆ, ಸ್ವಾತಂತ್ರ್ಯ, ರಾಷ್ಟ್ರ ಎಲ್ಲಾ ಕರೆಕ್ಟಾಗಿ ಬಂತು.

ಸಿಕ್ಕಾಕೊಂಡಿದ್ದು ಎರಡು ಕಡೆ. ಒಂದು ದೀರ್ಘ. ನುಡಿಲಿ ಕೀ ಅಂದ್ರೆ ಕಿ ಬರೆದು ಪಕ್ಕದಲ್ಲಿ ದೀರ್ಘದ ಗುರುತು, ಬೇರೆ ಬೇರೆ ಕೋಡು. ಟೂಲು ಅದನ್ನ ಹಾಗೇ ಯೂನಿಕೋಡಲ್ಲೂ ಗುಡಿಸು, ದೀರ್ಘದ ಗುರುತು ಅಂತ ಎರಡಾಗಿ ಬಿಡ್ತಿತ್ತು. ಸ್ಕ್ರೀನಲ್ಲಿ ನೋಡಿದ್ರೆ ಒಂಚೂರೂ ವ್ಯತ್ಯಾಸ ಇಲ್ಲ. ಆದ್ರೆ ನೀವು ಕೀಬೋರ್ಡಲ್ಲಿ ಚೀಟಿ ಅಂತ ಟೈಪ್ ಮಾಡಿ ಗ್ರೆಪ್ ಕಮಾಂಡಲ್ಲಿ ಹುಡುಕಿದ್ರೆ ಸಿಗಲ್ಲ, ಯಾಕಂದ್ರೆ ಕೀಬೋರ್ಡ್ ಕೊಡೋದು ಒಂದೇ ಕೋಡಿನ ೀ. ಯೂನಿಕೋಡ್ ಪ್ರಕಾರ ಎರಡೂ ಸಮಾನ, ಎನ್‌ಎಫ್‌ಸಿ ಅನ್ನೋ ಒಂದೇ ರೂಪಕ್ಕೆ ತಂದ್ರೆ ಒಂದಾಗತ್ತೆ, ಪೈಥಾನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲಲ್ಲೇ ಇದೆ. ಕೇ, ಕೋ ಎಲ್ಲದಕ್ಕೂ ಇದೇ ಕಥೆ. ಪ್ರಬಂಧ ತಿರುಗಿಸೋದೇ ಹುಡುಕೋಕೆ ಅಂತ ಆದ್ರೆ ಈ ಬಗ್ ಇದ್ದಾಗ ತಿರುಗಿಸೀನೂ ಪ್ರಯೋಜನ ಇಲ್ಲ.

ಇನ್ನೊಂದು ರ‍್ಯಾಂಕ್, ರ‍್ಯಾಲಿ ಥರದ ಪದ. ಇಲ್ಲಿ ರ ಪೂರ್ತಿಯಾಗಿ ನಿಂತು ಕೆಳಗೆ ಯ ಒತ್ತು ಬರ್ಬೇಕು, ಸೂರ್ಯದ ಥರ ಅರ್ಕಾವೊತ್ತು ಅಲ್ಲ. ಅದಕ್ಕೆ ರ ಆದ್ಮೇಲೆ ಹಲಂತಕ್ಕೂ ಮುಂಚೆ ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಜೆ ಅನ್ನೋ ಕೋಡ್ ಹಾಕ್ಬೇಕು. ನುಡಿ ಫೈಲಲ್ಲಿ ಎರಡಕ್ಕೂ ಬೇರೆ ಬೇರೆ ಕೋಡಿನ ಸಾಲು ಇರೋದ್ರಿಂದ ಮಾಹಿತಿ ಇದೆ, ಟೂಲು ಅದನ್ನ ಕಳ್ಕೊಳ್ತಿತ್ತು. ಎರಡಕ್ಕೂ ಪ್ಯಾಚ್ ಬರೆದು ಮೊದ್ಲು ಅಪ್‌ಸ್ಟ್ರೀಮಿಗೆ ಕಳ್ಸಿ, ಆಮೇಲೆ ಡೆಬಿಯನ್ ಪ್ಯಾಚಸ್ ಫೋಲ್ಡರಿಗೆ ಹಾಕಿದೆ, ಮೇಲ್ಗಡೆ ಫಾರ್ವರ್ಡೆಡ್, ಅಂದ್ರೆ ಅಪ್‌ಸ್ಟ್ರೀಮಿಗೆ ಕಳ್ಸಿದೀನಿ ಅಂತ ಸಾಲು ಸಮೇತ. ಡೆಬಿಯನ್ನಲ್ಲಿ ಮಾತ್ರ ಬೇರೆ ಥರ ನಡ್ಕೊಳೋ ಪ್ರೋಗ್ರಾಂ ಮಾಡಿಟ್ರೆ ಮುಂದೆ ಅದನ್ನ ಹೊತ್ಕೊಂಡು ತಿರುಗೋದು ನಾನೇ. ದೀರ್ಘದ್ದು ಅವ್ರು ಆ ವಾರಾನೇ ತಗೊಂಡ್ರು, ರ‍್ಯಾಂಕ್‌ದು ಇನ್ನೂ ಮಾತುಕತೇಲಿದೆ.

ಈ ಮಧ್ಯ ನನ್ನ ಹತ್ರ ಇರೋ ಇನ್ನೊಂದು ಹಳೇ ಪ್ಯಾಕೇಜು ಪೈಥಾನ್ 3.13ರಲ್ಲಿ ವೆಬ್ ಕೆಲಸದ ಸಿಜಿಐ ಮಾಡ್ಯೂಲ್ ಕಿತ್ತಾಕಿದ್ರಿಂದ ಪ್ಯಾಚ್ ಮೇಲೆ ಪ್ಯಾಚ್ ಹಾಕ್ಕೊಂಡು ಕುಂಟ್ತಾ ಇದೆ. ಅಪ್‌ಸ್ಟ್ರೀಮ್ ಬದುಕಿದಾರೋ ಇಲ್ವೋ ಸುಳಿವಿಲ್ಲ, ಬಳಸೋರೂ ಕಾಣ್ತಿಲ್ಲ. ಆರ್ಕೈವಿಂದ ತೆಗೆಸಿಬಿಡೋ ಯೋಚನೆ ಇದೆ. ಪ್ಯಾಕೇಜ್ ತೆಗೆಸೋದೂ ಮೇಂಟೇನರ್ ಕೆಲಸಾನೇ, ಜನ ಅದನ್ನ ಸೋಲು ಅಂದ್ಕೋತಾರೆ, ನಂಗೇನೂ ಹಾಗನ್ಸಲ್ಲ.

ಸ್ಪಾನ್ಸರ್ ರಿವ್ಯೂ

ನಾನು ಡೆಬಿಯನ್ ಡೆವಲಪರ್ ಅಲ್ಲ, ನೇರ ಅಪ್‌ಲೋಡ್ ಹಕ್ಕಿಲ್ಲ, ಡೆವಲಪರ್ ಒಬ್ರು ನೋಡಿ ಸೈನ್ ಮಾಡಿ ಹಾಕ್ಬೇಕು, ಅವ್ರೇ ಸ್ಪಾನ್ಸರ್. ಕೋಡ್ ಬಗ್ಗೆ, ರೂಲ್ಸ್ ಬಗ್ಗೆ ಏನಾದ್ರೂ ಕೊಕ್ಕೆ ಹಾಕ್ತಾರೆ ಅಂದ್ಕೊಂಡಿದ್ರೆ ಅವ್ರು ಸೀದಾ ಟೆಸ್ಟ್ಸ್ ಫೋಲ್ಡರಿಗೆ ಹೋದ್ರು. ಈ ಡಾಕ್ ಫೈಲ್‌ಗಳು ಎಲ್ಲಿಂದ ಬಂದ್ವು, ಒಳಗಿರೋ ಬರಹ ಯಾರ್ದು, ಈ ಎರಡು ಫಾಂಟ್ ಫೈಲಿನ ಲೈಸೆನ್ಸ್ ಎಲ್ಲಿ. ಅಷ್ಟೇ ಕೇಳಿದ್ದು. ಉತ್ತರ ಹುಡುಕೋಕೆ ನಂಗೆ ದಸರಾ ಮುಗಿದು ದೀಪಾವಳಿ ಬಂತು.

ಮೊದ್ಲು ಇದು ಅತಿಯಾಯ್ತು ಅನ್ನೋರಿಗೆ ಒಂದ್ ಮಾತು. 2024ರ ಮಾರ್ಚ್ 29ಕ್ಕೆ ಆಂಡ್ರೆಸ್ ಫ್ರಾಯಿಂಡ್ ಅನ್ನೋರು ಎಕ್ಸ್‌ಝಡ್ ಅನ್ನೋ ಕಂಪ್ರೆಷನ್ ಟೂಲಲ್ಲಿ ಕದ್ದು ಸೇರಿಸಿದ್ದ ಹಿಂಬಾಗಿಲನ್ನ ಬಯಲು ಮಾಡಿದ್ರಲ್ಲ, ಡೆಬಿಯನ್ ಸಿಡ್ ಮಷಿನಲ್ಲಿ ಎಸ್‌ಎಸ್‌ಎಚ್ (ದೂರದಿಂದ ಮಷಿನ್ ಒಳಗೆ ಹೋಗೋ) ಲಾಗಿನ್ ಅರ್ಧ ಸೆಕೆಂಡು ನಿಧಾನ ಆಗ್ತಿದೆ ಯಾಕೆ ಅಂತ ಹಿಂದೆ ಬಿದ್ದು. ಎಕ್ಸ್‌ಝಡ್ 5.6.0 ಮತ್ತು 5.6.1 ವರ್ಶನ್ ಎರಡರಲ್ಲೂ ಇತ್ತು, ಸಿಡ್‌ಗೂ ಟೆಸ್ಟಿಂಗಿಗೂ ಬಂದುಬಿಟ್ಟಿತ್ತು, ಸ್ಟೇಬಲ್ ಮಾತ್ರ ಬಚಾವ್. ಆ ಕಳ್ಳ ಕೋಡ್ ಕೂತಿದ್ದೆಲ್ಲಿ? ಟೆಸ್ಟ್ ಫೈಲ್ ಒಳಗೆ. ಕಂಪ್ರೆಷನ್ ಟೂಲಿಗೆ ಕೆಟ್ಟು ಹೋದ ಸ್ಯಾಂಪಲ್ ಫೈಲು ಬೇಕೇ ಬೇಕಲ್ಲ, ಯಾರಿಗೂ ಡೌಟ್ ಬರಲ್ಲ. ಅದನ್ನ ಬಿಚ್ಚಿ ಸೇರಿಸೋ ಸ್ಕ್ರಿಪ್ಟಿನ ತುಂಡು ಎಲ್ರೂ ನೋಡೋ ಗಿಟ್ ಕೋಡ್ ಭಂಡಾರದಲ್ಲಿ ಇರ್ಲೇ ಇಲ್ಲ, ಬಿಡುಗಡೆಗೆ ಕಟ್ಟಿದ ಟಾರ್‌ಬಾಲ್ ಅನ್ನೋ ಸೋರ್ಸ್ ಫೈಲಲ್ಲಿ ಮಾತ್ರ. ಅಲ್ಲಿಂದೀಚೆಗೆ ಎಲ್ಲಿಂದ ಬಂತು ಅಂತ ಹೇಳಕ್ಕಾಗದ ಬೈನರಿ ಟೆಸ್ಟ್ ಫೈಲ್ ಕಂಡ್ರೆ ಯಾವ ಸ್ಪಾನ್ಸರೂ ಕಣ್ಣು ಮುಚ್ಕೊಂಡು ಸೈನ್ ಹಾಕಲ್ಲ, ಹಾಕ್ಲೂಬಾರ್ದು.

ನಮ್ ಟೂಲಿನ ಫೈಲಲ್ಲಿ ಕಳ್ಳತನ ಏನಿಲ್ಲ, ತಾಪತ್ರಯ ಬೇರೆ. ಒಂದೊಂದೇ ತೆಗೆದು ಓದಿದೆ. ಒಂದ್ರಲ್ಲಿ ಸಣ್ಣ ಕಥೆಯ ಎರಡು ಪುಟ, ಲೇಖಕರು ಈಗ್ಲೂ ಬರೀತಿರೋರು. ನಮ್ಮಲ್ಲಿ ಕಾಪಿರೈಟ್ ಲೇಖಕರು ತೀರ್ಕೊಂಡು 60 ವರ್ಷದವರೆಗೂ ಇರತ್ತೆ, ಸೋ ಆ ಫೈಲ್ ಔಟ್. ಇನ್ನೊಂದು ಯಾವ್ದೋ ಸಂಘದ ಸ್ಮರಣ ಸಂಚಿಕೆ, ಬರೆದೋರ ಹೆಸರಿದೆ, ಅನುಮತಿ ಇಲ್ಲ. ಫಾಂಟ್ ಫೈಲ್ ಜೊತೆ ಲೈಸೆನ್ಸ್ ಬರಹ ಏನೂ ಇಲ್ಲ. ದುಡ್ಡಿಲ್ದೆ ಸಿಗತ್ತಲ್ಲ ಅಂತ ಅಪ್‌ಸ್ಟ್ರೀಮ್ ಕೇಳಿದ್ರು, ಆದ್ರೆ ಡೆಬಿಯನ್ನಿನ ಮುಖ್ಯ ವಿಭಾಗ ಮೇನ್ ಒಳಗೆ ಹೋಗ್ಬೇಕಾದ್ರೆ ಯಾರು ಬೇಕಾದ್ರೂ ತಿದ್ದಿ ಹಂಚ್ಬೋದು ಅಂತ ಬರಹದಲ್ಲಿ ಇರ್ಲೇಬೇಕು. ಪ್ರೋಗ್ರಾಂ ಓಡೋಕೆ ಆ ಫಾಂಟ್ ಬೇಕಾಗೂ ಇಲ್ಲ, ಫಲಿತಾಂಶ ನೋಡೋಕೆ ಗುಬ್ಬಿ, ನವಿಲು, ಲೋಹಿತ್ ಕನ್ನಡ ಫಾಂಟ್ ಎಲ್ಲಾ ಆಗ್ಲೇ ಡೆಬಿಯನ್ನಲ್ಲಿ ಇವೆ.

ಕಾಪಿರೈಟ್ ಫೈಲಲ್ಲಿ ಫೈಲ್ಸ್-ಎಕ್ಸ್‌ಕ್ಲೂಡೆಡ್ ಅಂತ ಬರೆದು ಅವನ್ನೆಲ್ಲ ಪಟ್ಟಿ ಮಾಡಿದೆ. ಯೂಸ್ಕ್ಯಾನ್ ಅನ್ನೋ ಟೂಲು ಟಾರ್‌ಬಾಲ್ ಇಳಿಸಿ, ಅವನ್ನ ತೆಗೆದು, ಮತ್ತೆ ಕಟ್ಟತ್ತೆ, ವರ್ಶನ್ ಕೊನೇಲಿ ಪ್ಲಸ್ ಡಿಎಫ್‌ಎಸ್‌ಜಿ (ಡೆಬಿಯನ್ನಿನ ಲೈಸೆನ್ಸ್ ನಿಯಮಗಳ ಹೆಸರು) ಅಂತ ಸೇರ್ಕೊಳತ್ತೆ. ಸರಿ, ಈಗ ಟೆಸ್ಟಿಗೆ ಏನು ಮಾಡೋದು? ಟೆಸ್ಟೇ ಇಲ್ದೆ ಹಾಕೋಕೆ ಮನಸ್ಸಿಲ್ಲ.

ಡಿಟಿಪಿ ಅಣ್ಣನ ಅಂಗಡಿಗೆ ಹೋದೆ. "ಅದಕ್ಕ್ಯಾಕಪ್ಪಾ ಇಷ್ಟು ಯೋಚ್ನೆ, ಯಾವ್ದಾರ ನಾಕು ಮದ್ವೆ ಕಾರ್ಡು ತಕ್ಕೊಂಡೋಗು, ರಾಶಿ ಬಿದ್ದೈತೆ" ಅಂದ್ರು.

"ಬೇಡಣ್ಣ, ಅದ್ರಲ್ಲಿ ಹುಡುಗ ಹುಡುಗಿ ಹೆಸ್ರು, ಮನೆ ಅಡ್ರೆಸ್ಸು, ಫೋನ್ ನಂಬರ್ ಎಲ್ಲಾ ಇರತ್ತೆ. ಒಂದ್ಸಲ ಡೆಬಿಯನ್ ಒಳಗೆ ಹೋದ್ರೆ ಪ್ರಪಂಚದ ಎಲ್ಲಾ ಮಿರರಿಗೂ ಹೋಗತ್ತೆ, ವಾಪಸ್ ತಗೊಳಕ್ಕಾಗಲ್ಲ."

"ಅಂಗಾ? ಸರಿ, ನೀನು ಯೋಳು, ನಾನು ಕುಟ್ತೀನಿ" ಅಂತ ಕೀಬೋರ್ಡ್ ಎಳ್ಕೊಂಡ್ರು.

ಕೊನೆಗೆ ಮಾಡಿದ್ದು ಇದೇ. ಊರ ಹೆಸರುಗಳು: ಮದ್ದೂರು, ಮಳವಳ್ಳಿ, ಶ್ರೀರಂಗಪಟ್ಟಣ, ನಾಗಮಂಗಲ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ, ಪಿರಿಯಾಪಟ್ಟಣ, ಗುಂಡ್ಲುಪೇಟೆ. ಎಷ್ಟು ಒತ್ತು ಬೇಕೋ ಅಷ್ಟು ನಮ್ಮ ಊರುಗಳಲ್ಲೇ ಇದೆ! ಅರ್ಕಾವೊತ್ತಿಗೆ ಕೀರ್ತಿ, ದೀರ್ಘ, ಸೂರ್ಯ, ಜೊತೆಗೆ ರ‍್ಯಾಂಕ್, ಜ್ಞಾನ, ಕ್ಷಮೆ, ವೈಶಿಷ್ಟ್ಯ, ಮತ್ತೆ ನಾನೇ ಅಲ್ಲೇ ಕೂತು ಬರೆದ ಒಂದು ಪ್ಯಾರಾ ಬಾಯಿಗೆ ಬಂದದ್ದು. ಅಣ್ಣ ನುಡಿಲಿ ಟೈಪ್ ಮಾಡಿ ಪ್ಲೇನ್ ಟೆಕ್ಸ್ಟಾಗಿ ಸೇವ್ ಮಾಡಿದ್ರು, ನಾನು ಪಕ್ಕದಲ್ಲಿ ಲ್ಯಾಪ್‌ಟಾಪಲ್ಲಿ ಐಬಸ್ ಅನ್ನೋ ಟೈಪಿಂಗ್ ಟೂಲಿನ ಕೆಜಿಪಿ ಕೀಬೋರ್ಡ್ ಲೇಔಟಲ್ಲಿ ಅದನ್ನೇ ಯೂನಿಕೋಡಲ್ಲಿ ಕುಟ್ಟಿದೆ. ಒಂದು ಇನ್‌ಪುಟ್, ಒಂದು ನಿರೀಕ್ಷಿತ ಔಟ್‌ಪುಟ್, ಎರಡೂ ಮನುಷ್ಯರೇ ಟೈಪ್ ಮಾಡಿದ್ದು, ಟೂಲಿನ ಔಟ್‌ಪುಟ್ಟನ್ನೇ ಟೂಲಿಗೆ ಸಾಕ್ಷಿ ಮಾಡಿಲ್ಲ. ಇಬ್ರ ಒಪ್ಪಿಗೆಯ ಸಾಲೂ ಫೋಲ್ಡರಲ್ಲೇ ಇಟ್ಟಿದೀನಿ. ಅಪ್‌ಸ್ಟ್ರೀಮ್ ಕೂಡ ಇದನ್ನೇ ತಗೊಂಡು ಹಳೇದು ತೆಗೀತೀನಿ ಅಂದಿದಾರೆ, ಹಾಗಾದ್ರೆ ಮುಂದಿನ ವರ್ಶನ್ನಿಂದ ಆ ಡಿಎಫ್‌ಎಸ್‌ಜಿ ಬಾಲ ಕಿತ್ತಾಕ್ಬೋದು.

ಸದ್ಯಕ್ಕೆ

ಸ್ಪಾನ್ಸರ್ ಅಪ್‌ಲೋಡ್ ಮಾಡಿದ್ರು, ಈಗ ಹೊಸ ಪ್ಯಾಕೇಜ್‌ಗಳು ಕಾಯೋ ನ್ಯೂ ಕ್ಯೂನಲ್ಲಿ ಕೂತಿದೆ. ನ್ಯೂ ಅಂದ್ರೆ ಸಬ್ ರಿಜಿಸ್ಟ್ರಾರ್ ಆಫೀಸ್ ಥರ, ಮನೆ ಚೆನ್ನಾಗಿದ್ಯಾ ಅಂತಲ್ಲ, ಪತ್ರ ಸರಿಯಿದ್ಯಾ ಅಂತ ನೋಡೋದು. ಆ ಕೆಲಸದ ಟೀಮಿನವ್ರು ಪ್ರತಿ ಫೈಲಿನ ಕಾಪಿರೈಟೂ ನೋಡ್ತಾರೆ, ಅವ್ರೂ ನಮ್ಮ ಥರಾನೇ ಸಂಬಳ ಇಲ್ದೆ ಬಿಡುವಲ್ಲಿ ಮಾಡೋರು, ಸೋ ಯಾವಾಗ ಆಯ್ತು ಅಂತ ಕೇಳೋಕೆ ಹೋಗಲ್ಲ. ದಾಟಿದ್ಮೇಲೆ ಸೋರ್ಸ್ ಮಾತ್ರ ಇನ್ನೊಂದ್ಸಲ ಅಪ್‌ಲೋಡ್ ಮಾಡ್ಬೇಕು, ಯಾಕಂದ್ರೆ ಡೆಬಿಯನ್‌ದೇ ಬಿಲ್ಡ್ ಮಷಿನಲ್ಲಿ ಕಟ್ಟಿದ ಬೈನರಿ ಮಾತ್ರ ಟೆಸ್ಟಿಂಗಿಗೆ ಹೋಗತ್ತೆ. ಆಟೋಪಿಕೆಜಿಟೆಸ್ಟ್ ಅನ್ನೋ ಟೆಸ್ಟೂ ಬರೆದಿಟ್ಟಿದೀನಿ, ಅದೇ ಊರ ಹೆಸರುಗಳೇ, ಆದ್ರೆ ಇನ್‌ಸ್ಟಾಲ್ ಆದ ಪ್ಯಾಕೇಜ್ ಮೇಲೆ ಓಡತ್ತೆ. ಈಗಾಗ್ಲೇ ಬಿಡುಗಡೆ ಆಗಿರೋ ಟ್ರಿಕ್ಸಿಗೆ ಇದನ್ನ ಬ್ಯಾಕ್‌ಪೋರ್ಟ್ ಮಾಡಿದ್ಮೇಲಷ್ಟೇ ಅಣ್ಣನ ಮಷಿನಿಗೆ ಆಪ್ಟಲ್ಲಿ ಬರೋದು, ಅಲ್ಲಿವರೆಗೂ ನಾನು ಬಿಲ್ಡ್ ಮಾಡಿಕೊಟ್ಟ ಡೆಬ್ ಫೈಲಲ್ಲಿ ಓಡ್ತಿದೆ, ಒಂದು ಪ್ರಬಂಧ ಪೂರ್ತಿ ತಿರುಗಿಸಿ ಆಗಿದೆ.

ಮುಂದಿನದು ಬರಹ ಸಾಫ್ಟ್‌ವೇರಿನ ಹಳೇ ಫಾಂಟ್‌ಗಳ ಮ್ಯಾಪಿಂಗ್. ಅದಕ್ಕೂ ಟೆಸ್ಟ್ ಬೇಕು, ಅಣ್ಣನ ಹತ್ರ ಬರಹ ಇಲ್ಲ. ಯಾರ ಮಷಿನಲ್ಲಾದ್ರೂ ಇನ್ನೂ ಇದ್ರೆ, ನೀವೇ ಯೋಚಿಸಿ ನೀವೇ ಟೈಪ್ ಮಾಡಿದ ಹತ್ತು ಸಾಲು ಸಾಕು, ಪ್ಲೇನ್ ಟೆಕ್ಸ್ಟಲ್ಲಿ ಕಳ್ಸಿ. ಪುಸ್ತಕದಿಂದ ನೋಡ್ಕೊಂಡು ಹೊಡೀಬೇಡಿ, ಕಾರ್ಡು ಬೇಡ, ಮತ್ತೆ ಇದನ್ನ ಯಾರು ಬೇಕಾದ್ರೂ ಬಳಸಿ ತಿದ್ದಿ ಹಂಚ್ಬೋದು ಅಂತ ಕೊನೇಲಿ ಒಂದ್ ಸಾಲು ಹಾಕಿ.