ಒಂದು ಹನಿಯೂ ಸೋರದ ದೋಣಿ

“ಹದಿನೆಂಟು ವರ್ಷ ಇಟ್ಟುಕೊಂಡಿದ್ದೆ, ಒಳಗೆ ಒಂದು ಹನಿ ನೀರು ಸೋರಿದ್ದಿಲ್ಲ” ಎಂದು ಈ ಹಾಯಿದೋಣಿಯನ್ನು ನನಗೆ ಮಾರಿದ ಹಿರಿಯರು ಹೇಳಿದ್ದರು. ಕಳೆದ ಶನಿವಾರ ಅಮೆರಿಕದ ಅನಾಪೊಲಿಸ್‌ನ ದೋಣಿ ಅಂಗಳದಲ್ಲಿ ಬಲಬದಿಯ ಸ್ಟ್ಯಾಂಚನ್ ಒಂದರ ಬುಡ ಬಿಚ್ಚಿದಾಗಿನಿಂದ ಆ ಮಾತು ಕಿವಿಯಿಂದ ಇಳಿಯುತ್ತಿಲ್ಲ. ಸ್ಟ್ಯಾಂಚನ್ ಎಂದರೆ ಡೆಕ್ಕಿನ, ಅಂದರೆ ದೋಣಿಯ ಮೇಲಿನ ನೆಲದ, ಅಂಚಿನಲ್ಲಿ ನಿಂತು, ಜನ ನೀರಿಗೆ ಬೀಳದಂತೆ ತಡೆಯುವ ಲೈಫ್‌ಲೈನ್ ತಂತಿಯನ್ನು ಹಿಡಿದಿರುವ ಎರಡಡಿ ಎತ್ತರದ ಉಕ್ಕಿನ ಕಂಬ. ಅದರ ನಾಲ್ಕು ಬೋಲ್ಟುಗಳಲ್ಲಿ ಮೂರು ಸಲೀಸಾಗಿ ಬಂದವು. ನಾಲ್ಕನೆಯದು ಸ್ಪ್ಯಾನರಿನ ಮೊದಲ ತಿರುವಿಗೇ ತುಂಡಾಯಿತು. ತಲೆ ಹೊಸದರಂತೆ ಹೊಳೆಯುತ್ತಿತ್ತು, ತುದಿಯೂ ಚೆನ್ನಾಗಿತ್ತು, ಡೆಕ್ಕಿನೊಳಗೆ ಅಡಗಿದ್ದ ನಡುಭಾಗ ಮಾತ್ರ ಪೆನ್ಸಿಲ್ ಸೀಸದಷ್ಟು ತೆಳುವಾಗಿತ್ತು. ರಂಧ್ರದೊಳಗೆ ಸ್ಕ್ರೂಡ್ರೈವರ್ ಆಡಿಸಿದರೆ ಕಾಫಿ ಚರಟದಂಥ ಕಪ್ಪು ಒದ್ದೆ ಪುಡಿ ಬಂತು.

1970ರ ದಶಕದ ಅನೇಕ ಫೈಬರ್‌ಗ್ಲಾಸ್ ದೋಣಿಗಳಂತೆ ಇದರ ಡೆಕ್ಕೂ ಮೂರು ಪದರದ್ದು: ಮೇಲೆ ಕೆಳಗೆ ಫೈಬರ್‌ಗ್ಲಾಸ್, ನಡುವೆ ಅರ್ಧ ಇಂಚಿನ ಬಾಲ್ಸಾ ಎಂಬ ಹಗುರ ಮರ. ಬಾಲ್ಸಾ ಒಣಗಿರುವಷ್ಟು ಕಾಲ ಡೆಕ್ಕು ಹಗುರವೂ ಬಿಗುವೂ ಆಗಿರುತ್ತದೆ. ಆದರೆ ಹಗ್ಗ ಕಟ್ಟುವ ಕ್ಲೀಟಿಗೆ, ಹಗ್ಗ ಎಳೆಯುವ ವಿಂಚಿಗೆ, ಸ್ಟ್ಯಾಂಚನ್ನಿಗೆ ಎಂದು ಕೊರೆದ ಒಂದೊಂದು ರಂಧ್ರವೂ ಆ ಮರಕ್ಕೆ ತೆರೆದ ಬಾಗಿಲು. ವರ್ಷಗಳು ಕಳೆದು ಸಂದು ಮುಚ್ಚುವ ಸೀಲೆಂಟ್ ಅಂಟು ಹಿಡಿತ ಬಿಟ್ಟಾಗ ಮಳೆನೀರು ಬೋಲ್ಟಿನ ಗುಂಟ ಇಳಿದು, ಬಾಲ್ಸಾ ತುಂಡುಗಳ ನಡುವಿನ ಸಂದುಗಳಲ್ಲಿ ಹರಡುತ್ತಾ ಹೋಗುತ್ತದೆ. ಗಾಳಿ ತಾಕದ ಆ ತೇವದಲ್ಲಿ ಸ್ಟೇನ್‌ಲೆಸ್ ಸ್ಟೀಲ್ ಕೂಡ ತನ್ನನ್ನು ಕಾಯುವ ಆಕ್ಸೈಡ್ ಪೊರೆಯನ್ನು ಮತ್ತೆ ಕಟ್ಟಿಕೊಳ್ಳಲಾರದೆ ಸವೆಯುತ್ತದೆ.

ಹಿರಿಯರು ಸುಳ್ಳು ಹೇಳಿರಲಿಲ್ಲ. ತೇಗದ ಪಟ್ಟಿಗಳಿಗೆ ಅವರು ಬಳಿದಿದ್ದ ವಾರ್ನಿಷ್ ಇಂದಿಗೂ ಕನ್ನಡಿಯಂತಿದೆ. ಅಷ್ಟು ಅಕ್ಕರೆಯ ಮನುಷ್ಯ. ಬುಡವನ್ನು ಎಂದೂ ಬಿಚ್ಚದೆ, ಅದರ ಸುತ್ತ ಹೊರಗಿನಿಂದ ಸೀಲೆಂಟ್ ಮೆತ್ತುತ್ತಾ ಬಂದಿದ್ದರು. ಕ್ಯಾಬಿನ್ನಿನ ಕಡೆಯಿಂದ ನಟ್ಟುಗಳಿಗೂ ಮೆತ್ತಿದ್ದರು. ನೀರಿಗೆ ಒಳಬರಲು ಕೂದಲೆಳೆಯ ಬಿರುಕು ಸಾಕಾಗಿತ್ತು, ಹೊರಹೋಗಲು ದಾರಿಯೇ ಇರಲಿಲ್ಲ. ಒಂದು ಹನಿಯೂ ಸೋರಲಿಲ್ಲ, ಏಕೆಂದರೆ ಅಷ್ಟನ್ನೂ ಮರ ಕುಡಿಯುತ್ತಿತ್ತು. ಮಲೆನಾಡಿನ ನಮ್ಮ ಹಂಚಿನ ಮನೆಯಲ್ಲಿ ಸೋರಿದಲ್ಲಿ ಪಾತ್ರೆ ಇಡುತ್ತಿದ್ದೆವು, ಮುಂದಿನ ಮಳೆಗಾಲಕ್ಕೆ ಮೊದಲು ಅಪ್ಪ ಹಂಚು ಕೈಯಾಡಿಸುತ್ತಿದ್ದರು. ಸೋರಿದ್ದು ಕಣ್ಣಿಗೆ ಬೀಳುತ್ತಿದ್ದುದರಿಂದಲೇ ಮಾಡಿನ ಪಕಾಸಿಗಳು ಉಳಿದವು ಎಂದು ನನಗೆ ಈಗ ಅನ್ನಿಸುತ್ತದೆ.

ನನ್ನ ಮೇಲೂ ನನಗೆ ಕೋಪವಿದೆ. ಎರಡು ಬೇಸಿಗೆ ನನ್ನ ಮಗಳು ಅದೇ ಕಂಬವನ್ನು ಹಿಡಿದು ದೋಣಿ ಹತ್ತಿದ್ದಾಳೆ. ಕೊಳ್ಳುವ ದಿನವೇ ಪ್ಲಾಸ್ಟಿಕ್ ಸುತ್ತಿಗೆಯಿಂದ ಡೆಕ್ಕನ್ನು ತಟ್ಟಿ ನೋಡಿದ್ದರೆ, ಗಟ್ಟಿಯಿರುವಲ್ಲಿ ಟಣ್ ಎನ್ನುವ ಸದ್ದು ಕೊಳೆತಲ್ಲಿ ಮಂಕಾಗುವುದು ಅಂದೇ ತಿಳಿಯುತ್ತಿತ್ತು.

ಭಾನುವಾರವೆಲ್ಲ ಬಾಗಿಸಿದ ಮೊಳೆಯೊಂದನ್ನು ಡ್ರಿಲ್ಲಿಗೆ ಸಿಕ್ಕಿಸಿ ರಂಧ್ರಗಳ ಸುತ್ತಲಿನ ಕೊಳೆತ ಮರವನ್ನು ಒಣ ಬಿಳಿ ಬಾಲ್ಸಾ ಬರುವವರೆಗೆ ಕೆರೆದು ತೆಗೆದೆ. ದೀಪದ ಶಾಖದಲ್ಲಿ ಎರಡು ರಾತ್ರಿ ಒಣಗಿಸಿ, ಪುಡಿ ಬೆರೆಸಿ ಮಂದವಾಗಿಸಿದ ಎಪಾಕ್ಸಿ ಅಂಟನ್ನು ತುಂಬಿದೆ. ಅದು ಗಟ್ಟಿಯಾದ ಮೇಲೆ ಅದರ ನಡುವೆಯೇ ಮತ್ತೆ ಕೊರೆದಿದ್ದೇನೆ. ಇನ್ನು ನೀರು ಬಂದರೂ ಮರವನ್ನು ಮುಟ್ಟದು. ರಂಧ್ರದ ಬಾಯಿಯನ್ನು ತುಸು ಅಗಲಿಸಿ, ಬೋಲ್ಟಿನ ಕುತ್ತಿಗೆಗೆ ರಬ್ಬರಿನಂಥ ಅಂಟು ಪಟ್ಟಿಯಾದ ಬ್ಯೂಟೈಲ್ ಟೇಪ್ ಸುತ್ತಿ ಕೂರಿಸಿದೆ. ಬೋಲ್ಟನ್ನು ತಿರುಗಿಸಿದರೆ ಟೇಪು ಹರಿಯುತ್ತದೆ, ಆದ್ದರಿಂದ ಮೇಲೆ ಒಬ್ಬರು ಅದನ್ನು ಅಲುಗದಂತೆ ಹಿಡಿದು, ಕೆಳಗಿನಿಂದ ನಟ್ಟನ್ನಷ್ಟೇ ತಿರುಗಿಸಬೇಕು. ಮೇಲೆ ಹಿಡಿದವಳು ಮಗಳು. ಬ್ಯೂಟೈಲ್ ನಿಧಾನವಾಗಿ ಹಿಂಡಿಕೊಳ್ಳುವುದರಿಂದ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪವೇ ಬಿಗಿಮಾಡುತ್ತಿದ್ದೇವೆ. ಇಂಥ ಬುಡಗಳು ಇನ್ನೂ ಒಂಬತ್ತಿವೆ.

ನಿನ್ನೆ ಸಂಜೆ ಹಿರಿಯರ ಫೋನು ಬಂತು. ವಸಂತ ಬಂದೊಡನೆ ದೋಣಿಯನ್ನು ವಿಚಾರಿಸಿಕೊಳ್ಳುವುದು ಅವರ ರೂಢಿ. “ಸೋರುತ್ತಿಲ್ಲ ತಾನೇ?” ಎಂದರು. ಇಲ್ಲವೆಂದು ಹೇಳಿ ಸುಮ್ಮನಾಗಬಹುದಿತ್ತು. ಅದು ನಿಜವೂ ಆಗಿತ್ತು. ಆದರೆ ಬೋಲ್ಟಿನ ವಿಷಯ, ಚರಟದಂಥ ಪುಡಿಯ ವಿಷಯ, ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ಚುಕ್ಕಾಣಿ ಹಿಡಿದು ಕೂರುವ ಜಾಗದ ಪಕ್ಕದ್ದೇ? ನನ್ನ ಹೆಂಡತಿ ಯಾವಾಗಲೂ ಅದನ್ನೇ ಹಿಡಿದು ಹತ್ತುತ್ತಿದ್ದಳು.”